ಜಿಂಕೆ ಕೆತ್ತಿದ ಕೋವಿ ಬೇಡ

ರೀ,

ನನಗೆ ಬೇಗೂರಿನ ಬಸ್ಸಿಗೆ ಹೊತ್ತಾಯಿತು. ನೀವು ಮೈಸೂರಿಗೆ ಕೋವಿ ಕೊಳ್ಳಲು ಹೊರಡುವ ಮುನ್ನ ಇದನ್ನು ಓದಿ.

ಅಂಗಡಿಯ ಆ ದುಬಾರಿ ಕೋವಿಯ ಹಿಡಿಯ ಮೇಲೆ ಕೆತ್ತಿದ ಜಿಂಕೆಗೆ ಮನಸೋತಿದ್ದೀರಿ. ಗುರಿಯಾಟದಲ್ಲಿ ಹೊಡೆಯಲೆಂದು ಹಾರಿಸುವ ಮಣ್ಣಿನ ಬಿಲ್ಲೆ ಅದನ್ನು ನೋಡುತ್ತಾ ನಿಲ್ಲುವುದಿಲ್ಲ. ಭಾನುವಾರ ಎರವಲು ಕೋವಿಯಲ್ಲಿ ಇಪ್ಪತ್ತೈದು ಬಿಲ್ಲೆಗಳಲ್ಲಿ ಒಂದಕ್ಕೂ ಗುಂಡು ತಾಗದಿದ್ದಾಗ "ಗಾಳಿ ಬೀಸ್ಬುಡ್ತು ಕಣೇ" ಅಂದಿರಿ. ಒಂದು ಎಲೆಯೂ ಅಲುಗಿರಲಿಲ್ಲ. ಹೆಗಲಿಗೆ ಆನಿಸುವ ಆ ಹಿಡಿ ನಿಮ್ಮ ತೋಳಿಗೆ ಉದ್ದವಾಗಿತ್ತು, ಅಷ್ಟೇ.

ಅಂಗಡಿಯಲ್ಲಿ ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗಿಟ್ಟು, ಆಮೇಲೆ ಕಣ್ಣು ತೆರೆಯಿರಿ. ನೋಟ ನಳಿಗೆಯ ನೇರಕ್ಕಿದ್ದರೆ ಕೆತ್ತನೆಯಿಲ್ಲದ ಹಳೆಯ ಅಗ್ಗದ ಕೋವಿಯಾದರೂ ಅದನ್ನೇ ತನ್ನಿ. ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ.

ಭಾನುವಾರ ಕೋವಿ ಒದ್ದು ಕಂದಿದ ಹೆಗಲಿಗೆ ಮುಲಾಮು ಫ್ರಿಜ್ ಮೇಲಿದೆ.

ಲೈಸೆನ್ಸ್ ವಿಚಾರಣೆಗೆ ಬಂದ ಪೊಲೀಸರಿಗೆ "ನಮ್ಮೆಜಮಾನ್ರು ಯೋಚ್ನೆ ಮಾಡ್ದೆ ಏನೂ ಮಾಡಲ್ಲ" ಅಂದವಳು ನಾನು. ಪುಣ್ಯಕ್ಕೆ ಅವರು ಆಣೆ ಹಾಕಿಸಲಿಲ್ಲ. ಇವತ್ತಾದರೂ ಅದನ್ನು ನಿಜ ಮಾಡಿ.

ನೀಲಾವತಿ