ಹುಟ್ಟುಹಬ್ಬದ ಪಟ್ಟಿ

ಹಿಲ್ವರ್ಸಮ್
ಬುಧವಾರ, ೧೪ ಮೇ ೧೯೪೧

ಪ್ರೀತಿಯ ಯಾಂತಿನಾ,

ಮಗುವಿಗೆ ಹಲ್ಲು ಬಂತೆಂದು ನೀನು ಬರೆದು ಏಳು ವಾರವಾಯಿತು. ಉತ್ತರಿಸದ ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಆದರೆ ಮೊದಲು ಇದನ್ನು ಓದು, ಓದಿ ಒಲೆಗೆ ಹಾಕು. ಅಂಚೆಯನ್ನು ನಂಬಲಾರದೆ ಮಿನಾ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ರೇಡಿಯೋ ಸಂಘದ ಕಚೇರಿಯಲ್ಲಿ ಕಾಫಿ ಮಾಡಿಕೊಡುತ್ತಿದ್ದಾಕೆ, ನಿನಗೆ ನೆನಪಿರಬೇಕು.

ನಿನ್ನ ಸೋದರಮಾವ ರೂಲೋಫ್ ಅವರನ್ನು ಇಂದೇ ನಿನ್ನ ಮನೆಯಿಂದ ಬೇರೆಡೆಗೆ ಕಳಿಸು.

ಮಾರ್ಚ್‌ನಲ್ಲಿ ಜರ್ಮನರು ಸಂಘವನ್ನು ಮುಚ್ಚಿಸಿದ ದಿನ ಅವರು ಬರೆದುಕೊಟ್ಟ ಹಾಳೆಯನ್ನು ರೂಲೋಫ್ ಓದದೆ, "ನಮ್ಮ ಬಾಯಿಗೆ ಬೀಗ ಬಿತ್ತು, ನಿಮ್ಮ ಕಿವಿಗೆ ಬೀಳದಿರಲಿ" ಎಂದು ಮೈಕಿನಲ್ಲಿ ಹೇಳಿ ಹಿಂಬಾಗಿಲಿಂದ ಹೊರಟುಹೋದರಲ್ಲ, ಅಂದಿನಿಂದ ಜರ್ಮನರು ಅವರನ್ನು ಹುಡುಕುತ್ತಲೇ ಇದ್ದಾರೆ. ನಿನ್ನ ಗಂಡನ ಮನೆತನದ ಹೆಸರು ಬೇರೆ. ಹಾಗಾಗಿ ನಿಮ್ಮ ಊರು ದಾಲ್ಫ್ಸನ್‌ವರೆಗೆ ಯಾರ ಯೋಚನೆಯೂ ಹೋಗಿರಲಿಲ್ಲ. ನಾನು ದಾರಿ ತೋರಿಸಿಬಿಟ್ಟೆ.

ಸಂಘದ ಹದಿನೈದು ವರ್ಷದ ಚರಿತ್ರೆ ಬರೆಯುವ ಕೆಲಸ ನನ್ನದಾಗಿತ್ತು. ಕೋಳಿಗೂಡಿನ ಮೇಲೆ ತಂತಿ ಕಟ್ಟಿ ಮೊದಲ ಪ್ರಸಾರ ಮಾಡಿದ್ದು, ಚರ್ಚಿನವರು, ಕಾರ್ಮಿಕರು ತಮ್ಮ ತಮ್ಮ ಸಂಘ ಕಟ್ಟಿಕೊಂಡಾಗ ನಮ್ಮವರು ಸೈಕಲ್ಲಿನಲ್ಲಿ ಮನೆ ಮನೆ ತಿರುಗಿ ಸದಸ್ಯರನ್ನು ಸೇರಿಸಿದ್ದು, ಪ್ರಸಾರದ ಗಂಟೆಗಳಿಗಾಗಿ ಜಗಳವಾಡಿದ್ದು, ಎಲ್ಲ ಬರೆದೆ. ಕೊನೆಯಲ್ಲಿ, ಸಂಘದ ಪದ್ಧತಿಯಂತೆ, ಸ್ಥಾಪಕರ ಹುಟ್ಟುಹಬ್ಬದ ಪಟ್ಟಿ. ಕೇಳುಗರು ಕಾರ್ಡು ಕಳಿಸಲೆಂದು ಆ ದಿನ ಅವರಿರುವ ವಿಳಾಸವೂ ಅದರಲ್ಲಿದೆ.

ಸೋಮವಾರ ಜರ್ಮನರು ನಮ್ಮ ಕಚೇರಿಗೆ ನೇಮಿಸಿದ ಹೊಸ ಮೇಲಧಿಕಾರಿ ಕ್ನೂಪ್ ಬಂದ. "ಏನ್ರೀ, ಚರಿತ್ರೆ ಬರ್ದಿದ್ದೀರಂತೆ. ಕೊಡಿ, ನೋಡೋಣ" ಎಂದ. ರೂಲೋಫ್ ಅವರ ಅಧ್ಯಾಯವನ್ನು ಮಾತ್ರ ತೆಗೆದಿಟ್ಟು ಉಳಿದದ್ದನ್ನು ಕೊಟ್ಟೆ.

ನಿನ್ನೆ ಮಿನಾ ಕೇಳಿದಳು: "ಪಟ್ಟಿ ತೆಗ್ದಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ.

"ಕಾಲೇಜು ಓದಿದ ತಲೆ ನೋಡು! ವರ್ಷಾವರ್ಷ ಕಾರ್ಡ್ ಹಾಕೋಳು ನಾನು, ನಂಗೆ ಬಾಯಿಪಾಠ. ಮೇ ಹದಿನಾರು, ರೂಲೋಫ್, ತಂಗಿ ಮಗಳು ಯಾಂತಿನಾ ಮನೆ, ದಾಲ್ಫ್ಸನ್. ಅಯ್ಯೋ, ಅಳ್ಬೇಡ ಕಣೇ. ಮೊದ್ಲು ಕಾಗದ ಬರಿ. ನಾನು ರೈಲು ಹತ್ತಿದ ಮೇಲೆ ಕೂತು ಅಳು."

ಕ್ನೂಪ್ ಪೆನ್ಸಿಲ್ ಹಿಡಿದು ಒಂದೊಂದೇ ಪುಟ ಓದುತ್ತಾನೆ. ನಿನ್ನೆ ಅವನ ಬಾಗಿಲು ದಾಟುವಾಗ ಕರೆದು, "ಕೋಳಿಗೂಡಿನವರೆಗೆ ಬಂದಿದ್ದೀನಿ, ಚೆನ್ನಾಗಿದೆ ಕಣ್ರೀ" ಎಂದು ನಕ್ಕ. ಇಂದು ಬೆಳಿಗ್ಗೆ ನೋಡಿದೆ: ಓದಿ ಮಗುಚಿಟ್ಟ ಹಾಳೆಗಳೇ ಹೆಚ್ಚಾಗಿವೆ. ಓದಲು ಉಳಿದ, ಎಡಕ್ಕಿರುವ ಕಟ್ಟು ಬೆರಳಿನಷ್ಟೇ ದಪ್ಪ. ಅದರ ತಳದಲ್ಲಿ ನಿನ್ನ ಮನೆಯಿದೆ.

ಮಗುವಿಗೆ ನನ್ನ ಮುತ್ತು. ದೇವರು ನಿಮ್ಮ ಬಾಗಿಲು ಕಾಯಲಿ, ರೂಲೋಫ್ ಅವರಿಗೆ ಬೆಚ್ಚಗಿನ ಇನ್ನೊಂದು ಮನೆ ಸಿಗಲಿ.

ನಿನ್ನ
ವೀಟ್ಸ್ಕೆ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕ್ನೂಪ್ ಚರಿತ್ರೆ ಕೇಳಲಿಲ್ಲ. ಕಚೇರಿಯ ಬೀರುವಿನ ಕೀಲಿ ಕೇಳಿದ, ಅಷ್ಟೆ. ಕೊಡುವಾಗ, "ಸಾಹಿತ್ಯ ಓದಿದೋರಂತೆ, ನೀವೇನಾದ್ರೂ ಬರೀತೀರಾ?" ಎಂದ. ಇಲ್ಲಿ ಕೆಲಸಕ್ಕೆ ಸೇರಿದ ಎರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ಯಾಂತಿನಾ. ನಾನೇ ಮನೆಗೆ ಓಡಿಹೋಗಿ ತಂದುಕೊಟ್ಟೆ.