ನಮ್ಮ ಸಿಂಪಿ ಶೆಡ್ಡಿಗೆ ನೀವು ಹಾಕಿದ ಸೊನ್ನೆ

ರೇಡಿಯೋ ಕೇಳುಗರ ಸಮೀಕ್ಷಾ ಕಚೇರಿಯ ಮುಖ್ಯಸ್ಥರಿಗೆ,
ತೈಪೇ.

ಮಾನ್ಯರೇ,

ನಮ್ಮ ಬುದೈ ಬಂದರಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ರೇಡಿಯೋ ಕಾರ್ಯಕ್ರಮವನ್ನು ಕೇಳುವವರು ಒಬ್ಬರೂ ಇಲ್ಲವೆಂದು ತಾವು ಪತ್ತೆ ಹಚ್ಚಿದ್ದೀರಿ. ತಮ್ಮ ಸೊನ್ನೆಯನ್ನು ನಂಬಿ ರೇಡಿಯೋದವರು ಈ ತಿಂಗಳ ಕೊನೆಗೆ ಆ ಕಾರ್ಯಕ್ರಮವನ್ನೇ ನಿಲ್ಲಿಸುತ್ತಿದ್ದಾರೆ. ಅಷ್ಟು ದುಂಡಗಿನ ಸೊನ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅದನ್ನು ಕೊಟ್ಟವರಲ್ಲಿ ನಾನೂ ಒಬ್ಬಳು.

ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವ ನಮ್ಮ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರು, ಒಂದು ರೇಡಿಯೋ. ತಮ್ಮ ಸಮೀಕ್ಷಕಿ ಬಂದದ್ದು ಸರಿಯಾಗಿ ಎರಡೂಕಾಲಿಗೆ. ಮೊದಲು ಕೇಳಿದ್ದು ಎಲ್ಲರಿಗಿಂತ ಹಿರಿಯರಾದ ಗುಯಿ-ಕಿಯಾವ್ ಅಜ್ಜಿಯನ್ನು.

"ಅಜ್ಜಿ, ನಿನ್ನೆ ರೇಡಿಯೋ ಕೇಳಿದ್ರಾ?"

"ನಮಗೆಲ್ಲಿಂದ ಬರ್ಬೇಕಮ್ಮ ಅಷ್ಟು ಪುರುಸೊತ್ತು? ಕೆಲಸ ಮಾಡ್ತಿದ್ವಿ."

"ಇವತ್ತು?"

"ಇವತ್ತೂ ಕೆಲಸಾನೇ. ಸ್ವಲ್ಪ ಆಕಡೆ ಸರ್ಕೋ ತಾಯಿ, ನೀನು ಅಡ್ಡ ನಿಂತ್ರೆ ರೇಡಿಯೋ ಸರಿಯಾಗಿ ಕೇಳ್ಸಲ್ಲ."

ಆಕೆ ಸರಿದು ನಿಂತು 'ಇಲ್ಲ' ಎಂದು ಬರೆದುಕೊಂಡಳು. ಉಳಿದ ಹನ್ನೊಂದು ಮಂದಿಯೂ ಹಾಗೇ ಹೇಳಿದೆವು. ನಮ್ಮ ಕಡೆ ರೇಡಿಯೋ ಕೇಳುವುದೆಂದರೆ ಕೈಕಟ್ಟಿ ಕೂತು ಕೇಳುವುದು. ಹಾಗೆ ಕೇಳುತ್ತೇನೆಂದು ಒಪ್ಪಿಕೊಂಡ ಸೊಸೆಯನ್ನು ಮೈಗಳ್ಳಿ ಎನ್ನುತ್ತಾರೆ. ನಾವು ಸುಳ್ಳು ಹೇಳಲಿಲ್ಲ ಮಾನ್ಯರೇ, ಮರ್ಯಾದೆ ಉಳಿಸಿಕೊಂಡೆವು. ತಮ್ಮ ನಮೂನೆಯಲ್ಲಿ ಮನೆಯಲ್ಲಿ ಕೇಳುವವರಿಗೆ, ಕಾರಿನಲ್ಲಿ ಕೇಳುವವರಿಗೆ, ಮೊಬೈಲಿನಲ್ಲಿ ಕೇಳುವವರಿಗೆ ಬೇರೆ ಬೇರೆ ಚೌಕಗಳಿವೆ. ಎರಡೂ ಕೈ ಕೆಲಸದಲ್ಲಿದ್ದು ಕಿವಿ ಮಾತ್ರ ಬಿಡುವಾಗಿರುವವರಿಗೆ ಏಕಿಲ್ಲ? ಕಿವಿಗೂ ರಜೆ ಅರ್ಜಿ ಲಗತ್ತಿಸಬೇಕೆ?

ತಮಾಷೆ ಸಾಕು. ಗುಯಿ-ಕಿಯಾವ್ ಅಜ್ಜಿಗೂ ಪೆಂಗ್‌ಹು ದ್ವೀಪದಲ್ಲಿರುವ ಅವರ ತಂಗಿಗೂ, ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲ. ಇಬ್ಬರ ಬಳಿಯೂ ಫೋನಿದೆ. ಆದರೆ ಮೊದಲು ಮಾಡಿ ಸೋಲುವವರು ಯಾರು? ಹೋದ ಚಳಿಗಾಲದಲ್ಲಿ ಅಜ್ಜಿ ನನ್ನ ಕೈಲಿ ಈ ಕಾರ್ಯಕ್ರಮಕ್ಕೊಂದು ಪತ್ರ ಬರೆಸಿದರು. ತಂಗಿಗಾಗಿ ಒಂದು ಹಳೆಯ ಹಾಡು ಹಾಕಿ ಎಂದಷ್ಟೇ. ಮೂರು ವಾರಕ್ಕೆ ಆಕಡೆಯಿಂದಲೂ ಒಂದು ಹಾಡು ಬಂತು. ಈಗ ಕೇಳುಗರ ಪತ್ರ ಓದುವ ಪ್ರತಿ ಮಂಗಳವಾರ ಒಂದು ಸಾಲು ಮಾತು ಹೋಗಿ ಬರುತ್ತದೆ. ಕಳೆದ ಮಂಗಳವಾರ ನಿರೂಪಕಿ ತಂಗಿಯ ಪತ್ರ ಓದಿದರು: "ಮೊಣಕಾಲು ನೋವು ಹೇಗಿದೆ ಅಂತ ನಮ್ಮಕ್ಕನ್ನ ಕೇಳಿ."

ಹನ್ನೆರಡು ಚಾಕುಗಳೂ ನಿಂತವು. ಅಜ್ಜಿ "ನಿಮ್ ನಿಮ್ ಕೆಲಸ ನೋಡ್ರೇ" ಎಂದು ಗದರಿ, ಗೋಡೆಯ ಕಡೆ ತಿರುಗಿ ಅತ್ತರು. ನನಗೂ ಅಳು ಬಂತು. ಇನ್ನು ಉಳಿದಿರುವುದು ಎರಡು ಮಂಗಳವಾರ. 'ಮನೆಗೆ ಬಾ' ಎಂಬ ಮಾತು ಇನ್ನೂ ಇಬ್ಬರ ಬಾಯಿಂದಲೂ ಬಂದಿಲ್ಲ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಆ ಸಮೀಕ್ಷಕಿಯನ್ನು ಇನ್ನೊಮ್ಮೆ ಕಳಿಸಿ. ರೇಡಿಯೋ ಕೇಳಿದಿರಾ ಎಂದು ಆಕೆ ಕೇಳುವುದು ಬೇಡ. ಅಜ್ಜಿಯ ತಂಗಿ ಈ ವಾರ ಏನಂದಳು ಎಂದು ಕೇಳಲಿ. ಹನ್ನೆರಡು ಮಂದಿಯೂ ಒಟ್ಟಿಗೆ ಹೇಳುತ್ತೇವೆ, ಬರೆದುಕೊಳ್ಳಲು ಆಕೆಗೆ ಪುರುಸೊತ್ತಿರಲಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಏನನ್ನೂ ಕೇಳದವಳು,
ಚುವಾ ಸಿಯು-ಬೀ
ಸಿಂಪಿ ಶೆಡ್ಡು, ಎಡಗಡೆಯ ಮೂರನೇ ಸ್ಟೂಲು