ಹನ್ನೊಂದು ಜನರ ಮುದ್ದೆ

18 ನವೆಂಬರ್ 2025, ಮಂಗಳವಾರ. ಸಿಂಗಟಗೆರೆ.

ಕೆಳಗೆ ಜಾರಿದ್ದ ಗರ್ಭಕೋಶವನ್ನು ಡಾಕ್ಟರು ಮೇಲೆತ್ತಿ ಹೊಲಿದು ಇಂದಿಗೆ ಇಪ್ಪತ್ತೆರಡು ದಿನ. ಸಂಜೆಯಿಂದ ಒಳಗೆ ಏನೋ ಜಗ್ಗಿದ ಹಾಗಿದೆ. ರಕ್ತವಿಲ್ಲ, ಜ್ವರವಿಲ್ಲ. ಮೂರು ಸಲ ಎದ್ದು ನೋಡಿಕೊಂಡೆ.

ತಪ್ಪು ನನ್ನದೇ. ಕೊಡ, ಬಕೆಟ್, ಸಿಲಿಂಡರ್, ಮಗು ಎತ್ತಬಾರದು ಎಂದು ಆಸ್ಪತ್ರೆಯ ಚೀಟಿಯಲ್ಲಿದೆ. ಮುದ್ದೆಯ ಮಾತಿಲ್ಲ. ಇಂದು ಮನೆಯ ನಾವು ಮೂವರಲ್ಲದೆ ತೆಂಗಿನಕಾಯಿ ಕೀಳಲು ಎಂಟು ಆಳು ಬಂದಿದ್ದರು. ಸೊಸೆ ತನುಜಾ ತಿರುವಿದರೆ ಹಿಟ್ಟು ಗಂಟಾಗುತ್ತದೆಂದು ನಾನೇ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದು ಹಿಟ್ಟು ತಿರುವಲು ಕೂತೆ. ತಿರುವುವುದು ಎತ್ತುವುದಲ್ಲವಲ್ಲ ಎಂದುಕೊಂಡೆ.

ಜಗ್ಗುತ್ತಿದೆ ಎಂದಾಗ ತನುಜಾ ನರ್ಸಿಗೆ ಫೋನ್ ಮಾಡಿ, ಮುದ್ದೆ ತಿರುವಿದ್ದನ್ನು ಹೇಳಿ ನನ್ನ ಕೈಗೆ ಕೊಟ್ಟಳು.

"ಎಷ್ಟು ಜನಕ್ಕಮ್ಮಾ ಮುದ್ದೆ?"

"ಹನ್ನೊಂದು ಜನಕ್ಕೆ ಕಣವ್ವ."

"ಅಯ್ಯೋ, ಅದಕ್ಕಿಂತ ಕೊಡ ಎತ್ತಿದ್ರೇ ವಾಸಿಯಾಗಿತ್ತು! ಬೆಳಿಗ್ಗೆ ಬಂದ್ಬಿಡಿ, ಡಾಕ್ಟ್ರು ನೋಡ್ತಾರೆ."

ಫೋನ್ ಇಟ್ಟ ಮೇಲೆ ತನುಜಾ, "ನನ್ ಮುದ್ದೆ ಗಂಟಾಗಿದ್ರೆ ಕಾಯಿ ಮರದಲ್ಲೇ ಉಳ್ಕೊಂಡ್ಬಿಡ್ತಿತ್ತಾ ಅತ್ತೆ?" ಎಂದಳು.

ಒಂಬತ್ತು ವರ್ಷ ಯಾರಿಗೂ ಹೇಳದೆ, ಜಾರಿದ್ದನ್ನು ಕೈಯಿಂದ ಒಳಗೆ ತಳ್ಳಿಕೊಂಡೇ ದಿನಾ ಹಿಟ್ಟು ತಿರುವಿದ್ದೇನೆ. ಆಗ ಇದಕ್ಕಾಗಿ ಒಂದು ದಿನವೂ ನಿದ್ದೆ ಕೆಟ್ಟಿರಲಿಲ್ಲ. ಮೊನ್ನೆ ಬಾಗಿಲಿಂದ ತೋಟದವರೆಗೆ ನಡೆದು ಬಂದೆ, ಎಲ್ಲೂ ನಿಲ್ಲದೆ, ಸೀರೆ ಸರಿಮಾಡಿಕೊಳ್ಳುವ ನೆಪ ಹೂಡದೆ. ಎಲ್ಲರೂ ಹೀಗೇ ನಡೆಯುತ್ತಾರಲ್ಲ ಎಂದು ಆಶ್ಚರ್ಯವಾಯಿತು. ಆ ನಡಿಗೆ ಹೋಗದಿರಲಿ. ಈಗ ಮಗ್ಗುಲು ಬದಲಿಸಲೂ ಭಯವಾಗುತ್ತಿದೆ.